ಒಂದೇ ತೋಟದ ಕೆಂಪು ವೈನ್: ನೀಲಗಿರಿ ವಾಸನೆ ಎಲ್ಲಿಂದ ಬಂತು, ಗಂಟಲು ಯಾಕೆ ಉರಿಯಿತು?

ಪ್ರಶ್ನೆ: ಸರ್, ನಮಸ್ಕಾರ. ನಾವು ಹುಬ್ಬಳ್ಳಿಯವರು. ನನ್ನ ತಮ್ಮ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕೆಲಸದಲ್ಲಿದ್ದಾನೆ. ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಅಲ್ಲಿನ ಬರೋಸಾ ಕಣಿವೆಯ ಶಿರಾಜ್ (ಅದೇ ಹೆಸರಿನ ದ್ರಾಕ್ಷಿಯ ಕೆಂಪು ವೈನ್) ಎರಡು ಬಾಟಲಿ ತಂದ. ಮೇಲೆ ‘ಸಿಂಗಲ್ ವೈನ್‌ಯಾರ್ಡ್’ ಅಂತ ಬರೆದಿದೆ. ಅದೇ ಕಂಪನಿಯ ಸಾದಾ ಬರೋಸಾ ಶಿರಾಜ್‌ಗಿಂತ ನಾಲ್ಕು ಪಟ್ಟು ಬೆಲೆಯಂತೆ. ಸಂಜೆ ಮಿರ್ಚಿ ಭಜಿ ಜೊತೆ ಒಂದನ್ನು ತೆಗೆದೆವು. ಬಣ್ಣ ಕಪ್ಪು ಮಸಿ ಥರ. ಮೂಗಿಗೆ ಮೊದಲು ಬಂದದ್ದು ನೀಲಗಿರಿ ಎಣ್ಣೆ ವಾಸನೆ, ಆಮೇಲೆ ಒಣಕೊಬ್ಬರಿ. ಕುಡಿದರೆ ಜಾಮ್ ಥರ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಉರಿ. ಬಾಟಲಿ ಮೇಲೆ ಆಲ್ಕೋಹಾಲ್ ಶೇ. 15 ಅಂತಿದೆ. ತಳದಲ್ಲಿ ಗಸಿ, ಅದರಲ್ಲಿ ಗಾಜಿನ ಪುಡಿಯಂಥ ಹರಳು. ನಮ್ಮ ಮಾವ ‘ಇದಕ್ಕೆ ಸಕ್ಕರೆ, ಸ್ಪಿರಿಟ್, ಸೆಂಟು ಎಲ್ಲಾ ಹಾಕಿದಾರೆ’ ಅಂದರು. ನಿಜ ಹೇಳಬೇಕೆಂದರೆ ತಮ್ಮ ಹೋದ ಸಲ ತಂದಿದ್ದ ಸಾದಾ ಬಾಟಲಿಯೇ ಇದಕ್ಕಿಂತ ಚೆನ್ನಾಗಿತ್ತು. ಇದು ಕಲಬೆರಕೆಯಾ? ಒಂದೇ ತೋಟದ ವೈನ್ ಅನ್ನೋದು ಸುಮ್ನೆ ದುಡ್ಡು ಕೀಳೋ ದಾರಿಯಾ? ಇನ್ನೊಂದು ಬಾಟಲಿಯನ್ನು ಹತ್ತು ವರ್ಷ ಇಟ್ಟರೆ ರುಚಿ ಏರುತ್ತೆ ಅಂತ ತಮ್ಮ ಹೇಳ್ತಾನೆ. ಎಲ್ಲಿಡೋದು?

ಉತ್ತರ: ಮೊದಲು ನಿಮ್ಮ ಮಾವನವರಿಗೆ ಸಮಾಧಾನ ಹೇಳಿ. ನೀವು ಬರೆದದ್ದರಲ್ಲಿ ಕಲಬೆರಕೆಯ ಗುರುತು ಒಂದೂ ಇಲ್ಲ. ಆದರೆ ‘ಸಾದಾ ಬಾಟಲಿಯೇ ಚೆನ್ನಾಗಿತ್ತು’ ಅಂತ ಬರೆದಿರಲ್ಲ, ಅದನ್ನು ಹಿಂದೆ ತೆಗೆದುಕೊಳ್ಳಬೇಡಿ. ನಿಮ್ಮ ನಾಲಿಗೆ ಸರಿಯಾಗೇ ಹೇಳಿದೆ. ನಾನು ವೈನ್ ತಯಾರಿಸುವ ಕೆಲಸದಲ್ಲೇ ಇರುವವನು. ಬರೋಸಾದಲ್ಲಿ ಕೊಯ್ಲಿನ ಕಾಲಕ್ಕೆ ದುಡಿದಿದ್ದೇನೆ, ಈಗ ನಮ್ಮ ರಾಜ್ಯದ ದ್ರಾಕ್ಷಿಯ ಜೊತೆ ಇದ್ದೇನೆ. ಇಂಥ ಬಾಟಲಿ ತೆರೆದು ಬೇಸರಪಟ್ಟುಕೊಂಡವರನ್ನು ತುಂಬಾ ನೋಡಿದ್ದೇನೆ. ಬೇಸರಕ್ಕೆ ಅರ್ಧ ಕಾರಣ ಆ ತೋಟ. ಇನ್ನರ್ಧ, ಹುಬ್ಬಳ್ಳಿಯ ಏಪ್ರಿಲ್ ಸೆಕೆ ಮತ್ತು ಮಿರ್ಚಿ ಭಜಿ.

ಆ ಹೆಸರಿನಿಂದಲೇ ಶುರು ಮಾಡೋಣ. ಸಿಂಗಲ್ ವೈನ್‌ಯಾರ್ಡ್ ಅನ್ನುವುದು ದರ್ಜೆ ಅಲ್ಲ. ದ್ರಾಕ್ಷಿ ಎಲ್ಲಿಂದ ಬಂತು ಅನ್ನೋದಷ್ಟೇ ಅದು. ಕಂಪನಿಯ ಸಾದಾ ಶಿರಾಜ್ ಮಾಡುವಾಗ ವೈನ್ ಮಾಡುವವನ ಮುಂದೆ ಹತ್ತಾರು ತೋಟಗಳ ಪೀಪಾಯಿಗಳಿರುತ್ತವೆ. ಒಂದರಲ್ಲಿ ಹುಳಿ ಕಮ್ಮಿ ಇದ್ದರೆ ಎತ್ತರದ ತೋಟದ್ದನ್ನು ಬೆರೆಸುತ್ತಾನೆ, ಒಂದರಲ್ಲಿ ಒಗರು ಜಾಸ್ತಿ ಆದರೆ ಮೆತ್ತಗಿನದನ್ನು ಸೇರಿಸುತ್ತಾನೆ, ಒಂದರಲ್ಲಿ ಏನೋ ವಿಚಿತ್ರ ವಾಸನೆ ಬಂದರೆ ಅದು ಉಳಿದವುಗಳ ನಡುವೆ ಕರಗಿಹೋಗುತ್ತದೆ. ಒಂದೇ ತೋಟದ ವೈನ್‌ನಲ್ಲಿ ಈ ಸೌಕರ್ಯ ಇಲ್ಲ. ಆ ತೋಟದ ಒಳ್ಳೆಯದೂ ಬರುತ್ತದೆ, ಅದರ ಹಟವೂ ಬರುತ್ತದೆ, ಆ ವರ್ಷದ ಬಿಸಿಲೂ ಬರುತ್ತದೆ. ಕೊಡಗಿನ ಒಂದೇ ಎಸ್ಟೇಟಿನ ಕಾಫಿ ಕುಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ವರ್ಷವರ್ಷಕ್ಕೂ ಬೇರೆ ರುಚಿ, ಕೆಲವರಿಗೆ ಪ್ರಾಣ, ಕೆಲವರಿಗೆ ಬೇಡವೇ ಬೇಡ.

ಬೆರೆಸಿದ್ದು ಕೀಳು ಅನ್ನೋ ಮಾತೂ ಸುಳ್ಳು. ಆಸ್ಟ್ರೇಲಿಯಾದ ಅತಿ ಹೆಸರುವಾಸಿ ಕೆಂಪು ವೈನ್ ಪೆನ್‌ಫೋಲ್ಡ್ಸ್ ಗ್ರೇಂಜ್. ಮ್ಯಾಕ್ಸ್ ಶುಬರ್ಟ್ 1951ರಲ್ಲಿ ಪ್ರಯೋಗಕ್ಕೆಂದು ಶುರು ಮಾಡಿದ್ದು. ಅದು ಬೇರೆ ಬೇರೆ ಊರುಗಳ ದ್ರಾಕ್ಷಿಯನ್ನು ಕೂಡಿಸಿ ಮಾಡುವ ವೈನ್. ಅದಕ್ಕೆ ಪೂರ್ತಿ ಎದುರು ದಾರಿ ಹೆನ್‌ಷ್ಕೆ ಮನೆತನದ ಹಿಲ್ ಆಫ್ ಗ್ರೇಸ್. ಈಡನ್ ಕಣಿವೆಯಲ್ಲಿ ಒಂದು ಹಳೇ ಲೂಥರನ್ ಚರ್ಚ್ ಎದುರಿಗೆ ಇರುವ ಒಂದೇ ಒಂದು ತೋಟ, ಅಲ್ಲಿನ ಹಳೇ ಬಳ್ಳಿಗಳು 1860ರ ಸುಮಾರಿನವು, 1958ರ ಫಸಲಿನಿಂದ ಅದನ್ನು ಬೇರೆಯಾಗಿ ಬಾಟಲಿ ಮಾಡುತ್ತಿದ್ದಾರೆ. ಎರಡೂ ದೊಡ್ಡ ವೈನ್‌ಗಳೇ, ಎರಡೂ ಕೈಗೆಟುಕದ ಬೆಲೆಯವೇ. ಆದರೆ ಒಂದು ವ್ಯತ್ಯಾಸ ನೋಡಿ. 1974, 2000 ಇಂಥ ವರ್ಷಗಳಲ್ಲಿ ಹಿಲ್ ಆಫ್ ಗ್ರೇಸ್ ಹೊರಗೆ ಬರಲೇ ಇಲ್ಲ. ಗ್ರೇಂಜ್ 1951ರಿಂದ ಒಂದು ವರ್ಷವೂ ತಪ್ಪಿಲ್ಲ. ಒಂದೇ ತೋಟವನ್ನು ನಂಬಿದವನಿಗೆ ಕೆಟ್ಟ ವರ್ಷದಲ್ಲಿ ಬೇರೆ ದಾರಿ ಇಲ್ಲ. ಬೆಲೆಯಲ್ಲಿ ಒಂದು ಪಾಲು ಈ ಅಪಾಯದ್ದು, ಇನ್ನೊಂದು ಪಾಲು ಮಾಲು ಕಮ್ಮಿ ಇರುವುದರದ್ದು. ಹಾಗಂತ ಪ್ರತಿ ತೋಟವೂ ಹಿಲ್ ಆಫ್ ಗ್ರೇಸ್ ಆಗುವುದಿಲ್ಲ. ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ತೋಟದ ಹೆಸರನ್ನೂ ದಪ್ಪಕ್ಷರದಲ್ಲಿ ಅಚ್ಚು ಮಾಡಿ ಮಾರುವವರು ಇದ್ದಾರೆ. ಅದು ನನಗೆ ಇಷ್ಟವಿಲ್ಲ.

ಈಗ ಸಕ್ಕರೆ, ಸ್ಪಿರಿಟ್ ವಿಚಾರ. ಆಸ್ಟ್ರೇಲಿಯಾದಲ್ಲಿ ಶಿರಾಜ್‌ನಂಥ ವೈನ್‌ಗೆ ಆಲ್ಕೋಹಾಲ್ ಏರಿಸಲು ಸಕ್ಕರೆ ಹಾಕುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಅಲ್ಲಿ ಬೇಕಾಗಿಯೂ ಇಲ್ಲ ಬಿಡಿ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಯೀಸ್ಟ್ ಅದನ್ನು ತಿಂದು ಶೇ. 1ರಷ್ಟು ಆಲ್ಕೋಹಾಲ್ ಮಾಡುತ್ತದೆ. ಶೇ. 15 ಬರಬೇಕಾದರೆ ಲೀಟರಿಗೆ 250 ಗ್ರಾಂ ಮೇಲೆ ಸಕ್ಕರೆ ಬೇಕು. ಬರೋಸಾದ ಬೇಸಿಗೆಯಲ್ಲಿ ಹಣ್ಣಿಗೆ ಇದು ದೊಡ್ಡ ಮಾತಲ್ಲ. ಅಲ್ಲಿ ಮಳೆ ಹೆಚ್ಚಾಗಿ ಚಳಿಗಾಲದಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಅಲ್ಲಿ ಬೇಸಿಗೆ, ಒಣ ಬಿಸಿಲು, ನಡುನಡುವೆ 40 ಡಿಗ್ರಿ ಮುಟ್ಟುವ ದಿನಗಳು. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕಟಾವು.

ಬಿಸಿ ಸೀಮೆಯ ದ್ರಾಕ್ಷಿಯ ತೊಂದರೆ ಇಲ್ಲೇ ಇದೆ. ಸಕ್ಕರೆ ಓಡುತ್ತದೆ, ಉಳಿದದ್ದು ಹಿಂದೆ ಬೀಳುತ್ತದೆ. ಹುಳಿ ಕೊಡುವ ಮಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ, ರಾತ್ರಿಯೂ ಬೆಚ್ಚಗಿದ್ದಷ್ಟೂ, ಇದು ಜೋರು. ಸಕ್ಕರೆ ನೋಡಿದರೆ ಹಣ್ಣು ಕಟಾವಿಗೆ ಸಿದ್ಧ, ಆದರೆ ಬೀಜ ಅಗಿದು ನೋಡಿದರೆ ಇನ್ನೂ ಹಸಿರು, ಬಾಯೆಲ್ಲಾ ಒಗರು. ನಾವು ಕೊಯ್ಲಿನ ಹೊತ್ತಿಗೆ ಬೆಳಿಗ್ಗೆ ಎದ್ದು ಸಾಲಿನಲ್ಲಿ ನಡೆಯುತ್ತಾ ಇದನ್ನೇ ಮಾಡುತ್ತೇವೆ: ಹಣ್ಣು ಬಾಯಿಗೆ ಹಾಕಿ, ರಸ ನುಂಗಿ, ಸಿಪ್ಪೆ ಅಗಿದು, ಬೀಜವನ್ನು ಅಂಗೈ ಮೇಲೆ ಉಗಿದು ಬಣ್ಣ ನೋಡುತ್ತೇವೆ. ಬೀಜ ಕಂದು ತಿರುಗಿ ಹಲ್ಲಿಗೆ ಕಟ್ ಅಂತ ಮುರಿದರೆ ಸರಿ. ಅದಕ್ಕೆ ಕಾಯುತ್ತಾ ಕೂತರೆ ಶಿರಾಜ್ ಒಂದು ಆಟ ಆಡುತ್ತದೆ. ಈ ತಳಿಯ ಹಣ್ಣು ಕೊನೆಗಾಲದಲ್ಲಿ ನೀರು ಕಳೆದುಕೊಂಡು ಸುಕ್ಕಾಗುತ್ತದೆ. ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಗಟ್ಟಿಯಾಗುತ್ತದೆ. ಒಂದು ವಾರ ತಡ ಮಾಡಿದರೆ ತಾಜಾ ನೇರಳೆ ಹಣ್ಣಿನ ಘಮ ಹೋಗಿ ಒಣದ್ರಾಕ್ಷಿ, ಜಾಮ್ ಕಡೆ ವಾಲುತ್ತದೆ. ನೀವು ಹೇಳಿದ ‘ಜಾಮ್’ ಅಲ್ಲಿಂದ ಬಂದದ್ದು.

ಸಿಹಿ ಅನಿಸಿದ್ದಕ್ಕೆ ಕಾರಣ ಬಹುಶಃ ಉಳಿದ ಸಕ್ಕರೆ ಅಲ್ಲ. ಇಂಥ ವೈನ್‌ಗಳಲ್ಲಿ ಯೀಸ್ಟ್ ಹೆಚ್ಚುಕಮ್ಮಿ ಎಲ್ಲಾ ಸಕ್ಕರೆಯನ್ನೂ ಮುಗಿಸಿರುತ್ತದೆ. ಆಲ್ಕೋಹಾಲ್‌ಗೇ ಒಂದು ಸಣ್ಣ ಸಿಹಿ ಇದೆ. ಹುಳಿ ಕಮ್ಮಿ ಇದ್ದಾಗ ಅದು ಎದ್ದು ಕಾಣುತ್ತದೆ. ಮೇಲಿಂದ ಮಾಗಿದ ಹಣ್ಣಿನ ವಾಸನೆ ಮೂಗಿಗೆ ಬಂದರೆ ನಾಲಿಗೆಯೂ ಅದನ್ನು ಸಿಹಿ ಅಂತಲೇ ಓದುತ್ತದೆ. ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಹುಳಿ ಕಮ್ಮಿಯಾದಾಗ ಟಾರ್ಟಾರಿಕ್ ಆಮ್ಲ ಸೇರಿಸುವುದು ಅಲ್ಲಿ ಕಾನೂನಿಗೆ ಒಪ್ಪಿಗೆ, ಬಿಸಿ ಸೀಮೆಗಳಲ್ಲಿ ಮಾಮೂಲು. ಅದು ದ್ರಾಕ್ಷಿಯಲ್ಲೇ ಇರುವ ಆಮ್ಲ. ಮೋಸ ಅಲ್ಲ. ಆದರೆ ಕೈ ಮೀರಿ ಹಾಕಿದರೆ ಹುಳಿ ಒಂದು ಕಡೆ, ಹಣ್ಣು ಒಂದು ಕಡೆ ಆಗಿ ನಿಲ್ಲುತ್ತದೆ.

ಬಾಟಲಿಯ ಮೇಲಿನ ಶೇ. 15 ಕೂಡ ಗೆರೆ ಎಳೆದ ಅಂಕಿ ಅಲ್ಲ. ಆಸ್ಟ್ರೇಲಿಯಾದ ನಿಯಮದಲ್ಲಿ ವೈನ್ ಲೇಬಲ್‌ಗೆ ಶೇ. 1.5ರಷ್ಟು ಆಚೆ ಈಚೆ ಅವಕಾಶ ಇದೆ. ಒಳಗೆ ಇನ್ನೂ ಸ್ವಲ್ಪ ಹೆಚ್ಚೇ ಇರಬಹುದು. ಇದನ್ನು ಯಾಕೆ ಹೇಳಿದೆ ಅಂದರೆ, ಶೇ. 15ರ ವೈನ್ 200 ಎಂ.ಎಲ್. ಕುಡಿದರೆ ಒಳಗೆ ಹೋಗುವ ಶುದ್ಧ ಆಲ್ಕೋಹಾಲ್ 30 ಎಂ.ಎಲ್. ಅದು ಶೇ. 5ರ ಒಂದು ದೊಡ್ಡ ಬಾಟಲಿ ಬಿಯರ್‌ಗೆ ಹತ್ತಿರ ಹತ್ತಿರ ಸಮ. ವೈನ್ ಅಲ್ವಾ, ಪರವಾಗಿಲ್ಲ ಅಂತ ದೊಡ್ಡ ಲೋಟಕ್ಕೆ ಸುರಿದುಕೊಳ್ಳುವವರಿಗೆ ಈ ಲೆಕ್ಕ ಗೊತ್ತಿರಲಿ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ನೀಲಗಿರಿ ಎಣ್ಣೆ ಮಾತು. ಸರಿಯಾಗಿ ಹಿಡಿದಿದ್ದೀರಿ. ಅದು ಸೆಂಟು ಅಲ್ಲ. ನೀಲಗಿರಿ ಮರದ ಮೂಲ ಊರೇ ಆಸ್ಟ್ರೇಲಿಯಾ. ಅಲ್ಲಿ ಎಷ್ಟೋ ದ್ರಾಕ್ಷಿ ತೋಟಗಳ ಅಂಚಿಗೆ ಈ ಮರಗಳು ಸಾಲಾಗಿ ನಿಂತಿರುತ್ತವೆ. ಎಲೆಯಲ್ಲಿರುವ ಸಿನಿಯೋಲ್ ಅನ್ನೋ ಎಣ್ಣೆ ಗಾಳಿಯಲ್ಲಿ ಬಂದು ದ್ರಾಕ್ಷಿಯ ಸಿಪ್ಪೆ ಮೇಲೆ ಕೂರುತ್ತದೆ. ಅದಕ್ಕಿಂತ ದೊಡ್ಡ ದಾರಿ ಎಲೆಗಳದ್ದೇ: ಉದುರಿದ ನೀಲಗಿರಿ ಎಲೆ, ತೊಗಟೆ ಚೂರು ಬಳ್ಳಿಯ ಮೇಲೆ ಸಿಕ್ಕಿಕೊಂಡಿರುತ್ತವೆ, ಯಂತ್ರದಲ್ಲಿ ಕೊಯ್ದಾಗ ಗೊಂಚಲುಗಳ ಜೊತೆ ತೊಟ್ಟಿಗೆ ಬೀಳುತ್ತವೆ. ಕೆಂಪು ವೈನನ್ನು ಸಿಪ್ಪೆಯ ಸಮೇತ ಹುದುಗಿಸುವುದರಿಂದ ದಿನಗಟ್ಟಲೆ ಎಣ್ಣೆ ಅದರೊಳಗೆ ಇಳಿಯುತ್ತದೆ. ಬಿಳಿ ವೈನ್‌ನಲ್ಲಿ ರಸ ಮೊದಲೇ ಬೇರೆಯಾಗುತ್ತದೆ, ಅದಕ್ಕೇ ಅಲ್ಲಿ ಈ ವಾಸನೆ ಅಪರೂಪ. ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಸಾಲುಸಾಲಾಗಿ ಅಳೆದು ನೋಡಿದಾಗ ಮರಗಳಿಗೆ ಹತ್ತಿರದ, ಸುಮಾರು 50 ಮೀಟರ್ ಒಳಗಿನ ಸಾಲುಗಳಲ್ಲೇ ಇದು ಜಾಸ್ತಿ ಸಿಕ್ಕಿದೆ. ದೊಡ್ಡ ಬ್ಲೆಂಡ್‌ನಲ್ಲಿ ಅಂಚಿನ ನಾಲ್ಕು ಸಾಲಿನ ಹಣ್ಣು ಎಲ್ಲೋ ಮಾಯ. ಸಣ್ಣ ತೋಟ, ಒಂದೇ ಬಾಟಲಿ ಅಂದಾಗ ಅಡಗಲು ಜಾಗ ಇಲ್ಲ. ಕೆಲವು ತಯಾರಕರು ಅಂಚಿನ ಸಾಲುಗಳನ್ನು ಕೈಯಲ್ಲಿ ಕೊಯ್ಯಿಸಿ ಎಲೆ ಆರಿಸುತ್ತಾರೆ, ಕೆಲವರು ಆ ಸಾಲುಗಳನ್ನೇ ಬೇರೆ ಇಡುತ್ತಾರೆ, ಇನ್ನು ಕೆಲವರು ‘ಇದೇ ನಮ್ಮ ತೋಟದ ಗುರುತು’ ಅಂತ ಬಿಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಹಿನ್ನೆಲೆಯಲ್ಲಿ ಸಣ್ಣಗೆ ಪುದೀನದ ಹಾಗೆ ಬಂದರೆ ಚೆಂದ. ಲೋಟ ಎತ್ತಿದ ತಕ್ಷಣ ನೆಗಡಿಯ ಮುಲಾಮು ನೆನಪಾದರೆ ಕೊಯ್ಲಿನಲ್ಲಿ ಗಮನ ಸಾಲಲಿಲ್ಲ ಅಂತಲೇ ನಾನು ಹೇಳುವುದು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಎಷ್ಟು ನೀಲಗಿರಿ ತೋಪುಗಳಿವೆ ಅಂತ ನಿಮಗೆ ಗೊತ್ತು. ಅಲ್ಲಿ ದ್ರಾಕ್ಷಿ ಹಾಕುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ಪಕ್ಕದ ಜಮೀನಿನಲ್ಲಿ ಏನಿದೆ ಅಂತ.

ಒಣಕೊಬ್ಬರಿ ಮಾತ್ರ ತೋಟದ್ದಲ್ಲ, ಪೀಪಾಯಿಯದ್ದು. ಬರೋಸಾದಲ್ಲಿ ಅಮೆರಿಕದ ಓಕ್ ಮರದ ಪೀಪಾಯಿ ಬಳಸುವುದು ಹಳೇ ರೂಢಿ. ಆ ಮರದಲ್ಲಿ ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್ ಜಾಸ್ತಿ, ಜೊತೆಗೆ ವೆನಿಲಾ. ಒಂದೇ ತೋಟದ ಗುಣ ತೋರಿಸಬೇಕು ಅಂತ ಹೊರಟು ಹೊಸ ಪೀಪಾಯಿಯಲ್ಲಿ ಮುಳುಗಿಸಿಟ್ಟರೆ ತೋಟ ಕಾಣುವುದು ಹೇಗೆ? ಈ ತಪ್ಪು ದುಬಾರಿ ಬಾಟಲಿಗಳಲ್ಲೇ ಹೆಚ್ಚು, ಯಾಕೆಂದರೆ ಹೊಸ ಪೀಪಾಯಿ ಕೊಳ್ಳುವ ಶಕ್ತಿ ಅವರಿಗೇ ಇರುವುದು. ನೀವು ಬರೆದದ್ದರಲ್ಲಿ ಒಂದು ಕಾಣಲಿಲ್ಲ: ಕರಿಮೆಣಸು. ಶಿರಾಜ್‌ನಲ್ಲಿ ಬರುವ ಮೆಣಸಿನ ಘಮಕ್ಕೆ ಕಾರಣ ರೊಟಂಡೋನ್ ಅನ್ನೋ ವಸ್ತು. ಕಾಳುಮೆಣಸಿನ ಘಮವೂ ಇದೇ ರೊಟಂಡೋನ್‌ನದು. 2008ರಲ್ಲಿ ಅದೇ ಆಸ್ಟ್ರೇಲಿಯಾದ ಸಂಸ್ಥೆಯವರು ಇದನ್ನು ಪತ್ತೆ ಹಚ್ಚಿದರು. ತಂಪು ಜಾಗದಲ್ಲಿ, ತಂಪು ವರ್ಷಗಳಲ್ಲಿ ಇದು ಜಾಸ್ತಿ, ಗೊಂಚಲಿಗೆ ನೇರ ಬಿಸಿಲು ಬಿದ್ದರೆ ಕಮ್ಮಿ. ಹಾಗಾಗಿ ಬರೋಸಾ ಕಣಿವೆಯ ತಳದ ತೋಟದಲ್ಲಿ ಅದು ಸಿಗದಿರುವುದು ಸಹಜ. ಪಕ್ಕದಲ್ಲೇ ಇರುವ, ಇನ್ನೂ ಎತ್ತರದ ಈಡನ್ ಕಣಿವೆಯ ಶಿರಾಜ್ ತರಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. (ಐದರಲ್ಲಿ ಒಬ್ಬರ ಮೂಗಿಗೆ ಈ ಘಮ ತಿಳಿಯುವುದೇ ಇಲ್ಲ ಅಂತಲೂ ಅವರೇ ಕಂಡುಕೊಂಡಿದ್ದಾರೆ. ಮನೆಯಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿದ್ದರೆ ಜಗಳ ಬೇಡ.)

ಮಣ್ಣಿನ ಬಗ್ಗೆಯೂ ಒಂದು ಮಾತು. ‘ಈ ಕಬ್ಬಿಣದ ಕೆಂಪು ಮಣ್ಣಿನ ರುಚಿ ವೈನ್‌ನಲ್ಲಿ ಬರುತ್ತೆ’ ಅಂತ ಬಾಟಲಿಯ ಹಿಂದೆ ಬರೆದಿರುತ್ತಾರೆ. ಮಣ್ಣಿನ ರುಚಿ ಬೇರಿನಿಂದ ಹತ್ತಿ ಹಣ್ಣಿಗೆ ಬರುವುದಿಲ್ಲ. ಮಣ್ಣಿನ ಕೆಲಸ ನೀರಿನ ಲೆಕ್ಕ ನೋಡಿಕೊಳ್ಳುವುದು. ಬರೋಸಾದಲ್ಲಿ ಮೇಲೆ ಕೆಂಪು ಮಣ್ಣು, ಕೆಳಗೆ ಜೇಡಿ ಇರುವ ಕಡೆ ಚಳಿಗಾಲದ ಮಳೆ ಕೆಳಗೆ ಉಳಿದುಕೊಳ್ಳುತ್ತದೆ, ಆಳಕ್ಕೆ ಬೇರು ಬಿಟ್ಟ ಹಳೇ ಬಳ್ಳಿ ಅದನ್ನು ಬೇಸಿಗೆ ಪೂರ್ತಿ ಸ್ವಲ್ಪ ಸ್ವಲ್ಪವೇ ಕುಡಿಯುತ್ತದೆ. ಅಕ್ಕಪಕ್ಕದ ಎರಡು ತೋಟಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಹೆಚ್ಚಿನದು ಇದೇ: ಒಂದು ಬಳ್ಳಿ 40 ಡಿಗ್ರಿಯ ದಿನವೂ ತಡೆದುಕೊಂಡಿತು, ಇನ್ನೊಂದರ ಎಲೆ ಬಾಡಿ ಕೆಲಸ ನಿಲ್ಲಿಸಿತು. ಹಳೇ ಬಳ್ಳಿಯ ಮಾತು ಬಂತಲ್ಲ, ಬರೋಸಾದಲ್ಲಿ ಅದಕ್ಕೆ ಬೆಲೆ ಇರುವುದು ಸುಮ್ನೆ ಅಲ್ಲ. ಬಳ್ಳಿಯ ಬೇರು ತಿಂದು ಯೂರೋಪಿನ ತೋಟಗಳನ್ನು ಮುಗಿಸಿದ ಫಿಲಾಕ್ಸೆರಾ ಹೇನು ದಕ್ಷಿಣ ಆಸ್ಟ್ರೇಲಿಯಾಕ್ಕೆ ಬರಲಿಲ್ಲ. ಹಾಗಾಗಿ 1843ರಲ್ಲಿ ನೆಟ್ಟ ಶಿರಾಜ್ ಇವತ್ತಿಗೂ ತನ್ನ ಸ್ವಂತ ಬೇರಿನ ಮೇಲೆ ಕಾಯಿ ಬಿಡುತ್ತಿದೆ. 2009ರಲ್ಲಿ ಬರೋಸಾದವರೇ ಬಳ್ಳಿಗಳ ವಯಸ್ಸಿನ ಪಟ್ಟಿ ಮಾಡಿಕೊಂಡರು: 35 ವರ್ಷ ದಾಟಿದ್ದು ಹಳೇ ಬಳ್ಳಿ, ಆಮೇಲೆ 70, 100, 125 ಅಂತ ಮೆಟ್ಟಿಲು. ಬಾಟಲಿಯ ಹಿಂದೆ ಇಂಥ ವಿವರ, ತೋಟದ ಎತ್ತರ, ನೆಟ್ಟ ವರ್ಷ ಇದ್ದರೆ ನನಗೆ ‘ಸಿಂಗಲ್ ವೈನ್‌ಯಾರ್ಡ್’ ಅನ್ನೋ ಪದಕ್ಕಿಂತ ಅದರ ಮೇಲೆ ನಂಬಿಕೆ ಜಾಸ್ತಿ.

ಗಸಿಯ ಭಯ ಬಿಡಿ. ಹರಳು ಅಂದಿರಲ್ಲ, ಅದು ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಕೂಡಿ ಗಟ್ಟಿಯಾದದ್ದು, ಗಾಜಲ್ಲ. ಕಪ್ಪು ಗಸಿ ಬಣ್ಣ ಮತ್ತು ಒಗರು ಸೇರಿ ಕೆಳಗೆ ಕೂತದ್ದು. ಹೆಚ್ಚು ಸೋಸದೆ ಬಾಟಲಿ ಮಾಡಿದ್ದರೆ ಹೀಗಾಗುತ್ತದೆ. ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ನಿಧಾನಕ್ಕೆ ಜಗ್ಗಿಗೆ ಬಗ್ಗಿಸಿ, ಕುತ್ತಿಗೆಗೆ ಗಸಿ ಬಂದಾಗ ನಿಲ್ಲಿಸಿ.

ಇನ್ನು ಗಂಟಲ ಉರಿ. ಏಪ್ರಿಲ್‌ನಲ್ಲಿ ನಿಮ್ಮ ಮನೆಯ ಶೋಕೇಸಿನಲ್ಲಿಟ್ಟ ಬಾಟಲಿ 30 ಡಿಗ್ರಿ ಮೇಲೆಯೇ ಇದ್ದಿರುತ್ತದೆ. ಕೆಂಪು ವೈನನ್ನು ಫ್ರಿಜ್‌ಗೆ ಇಡಬಾರದು ಅನ್ನೋದು ಯೂರೋಪಿನ ಚಳಿ ಮನೆಗಳ ಮಾತು, ನಮಗೆ ಹೊಂದುವುದಿಲ್ಲ. ಇಂಥ ವೈನ್ 16ರಿಂದ 18 ಡಿಗ್ರಿಯಲ್ಲಿ ಇರಬೇಕು. ಬಿಸಿ ಏರಿದ ಹಾಗೆ ಆಲ್ಕೋಹಾಲ್ ಆವಿ ಮೊದಲು ಮೂಗಿಗೆ ಹೊಡೆಯುತ್ತದೆ, ಹಣ್ಣು ಹಿಂದೆ ಸರಿಯುತ್ತದೆ, ಸಿಹಿ ಎದ್ದು ಕಾಣುತ್ತದೆ. ನೀಲಗಿರಿಯೂ ಆವಿಯಾಗುವ ಎಣ್ಣೆಯೇ, ಅದೂ ಜೋರಾಯಿತು. ಜೊತೆಗೆ ಮಿರ್ಚಿ. ಮೆಣಸಿನಕಾಯಿಯ ಖಾರ ಯಾವ ನರಕ್ಕೆ ತಟ್ಟುತ್ತದೋ ಆಲ್ಕೋಹಾಲ್ ಕೂಡ ಅದನ್ನೇ ಕೆಣಕುತ್ತದೆ. ಎರಡೂ ಸೇರಿದರೆ ಉರಿ ದುಪ್ಪಟ್ಟು ಅನಿಸುತ್ತದೆ. ಮುಂದಿನ ಸಲ ಬಾಟಲಿಯನ್ನು ಒಂದು ಗಂಟೆಗೆ ಕಮ್ಮಿ ಇಲ್ಲದಂತೆ ಫ್ರಿಜ್‌ನಲ್ಲಿಡಿ, ಸೆಕೆಗಾಲವಾದರೆ ಒಂದೂವರೆ, ಎರಡು ಗಂಟೆ. ಖಾರ ಕಮ್ಮಿ, ಕೊಬ್ಬು ಇರುವ ಊಟ ಇರಲಿ. ಮೆಣಸು ಹಾಕಿದ ಮಟನ್ ಸುಕ್ಕಾ ನಡೆಯುತ್ತದೆ. ಸಸ್ಯಾಹಾರಿಗಳಾದರೆ ಎಣ್ಣೆಗಾಯಿ, ಖಾರ ಇಳಿಸಿ, ಶೇಂಗಾ ಎಳ್ಳು ಜಾಸ್ತಿ ಹಾಕಿದ್ದು. ಆ ಕೊಬ್ಬಿಗೆ ಈ ಒಗರು ಹೊಂದುತ್ತದೆ.

ಕೊನೆಗೆ ಎರಡನೇ ಬಾಟಲಿ. ಹತ್ತು ವರ್ಷ ಇಟ್ಟರೆ ರುಚಿ ಏರುತ್ತದೆ ಅನ್ನುವುದು ಅರ್ಧ ಸತ್ಯ. ಒಗರು, ಹುಳಿ, ಹಣ್ಣು ಮೂರೂ ಗಟ್ಟಿ ಇರುವ ಬರೋಸಾ ಶಿರಾಜ್ ಅಷ್ಟು ವರ್ಷ ತಾಳುತ್ತದೆ, ತೊಗಲು, ಒಣ ಅಂಜೂರದ ಕಡೆ ಚೆನ್ನಾಗಿಯೇ ತಿರುಗುತ್ತದೆ. ಆದರೆ ಅದು 12ರಿಂದ 15 ಡಿಗ್ರಿಯ ಕತ್ತಲೆಯಲ್ಲಿ ಇಟ್ಟವರ ಅನುಭವ. ಹುಬ್ಬಳ್ಳಿಯ ಅಟ್ಟದ ಮೇಲೆ ಎರಡು ಬೇಸಿಗೆ ಕಳೆದರೆ ಹಣ್ಣು ಬೆಂದಂತಾಗುತ್ತದೆ. ಬಿರಡೆ ಇದ್ದರೆ ಮೇಲಕ್ಕೆ ತಳ್ಳಿಕೊಂಡು ಬರುತ್ತದೆ, ಗಾಳಿ ಒಳಗೆ ಹೋಗುತ್ತದೆ. ತಿರುಪು ಮುಚ್ಚಳವಾದರೆ ಅಗ್ಗದ ಮಾಲು ಅಂದುಕೊಳ್ಳಬೇಡಿ, ಬಿರಡೆಯಿಂದ ಬರುವ ಮುಗ್ಗಲು ವಾಸನೆಯ ಭಯ ಇಲ್ಲ ಅಂತ ಅಲ್ಲಿನ ಒಳ್ಳೆಯ ವೈನ್‌ಗಳಿಗೂ ಅದನ್ನೇ ಹಾಕುತ್ತಾರೆ. ಸೆಕೆಯಿಂದ ಮಾತ್ರ ಅದೂ ಕಾಪಾಡುವುದಿಲ್ಲ. ವೈನ್‌ಗೆಂದೇ ಇರುವ ಸಣ್ಣ ಫ್ರಿಜ್ ಮನೆಯಲ್ಲಿದ್ದರೆ ಇಡಿ, ಒಂದು ಬಾಟಲಿಗಾಗಿ ಅದನ್ನು ಕೊಳ್ಳುವುದು ದಂಡ, ಮೇಲಿಂದ ಕರೆಂಟ್ ಹೋದಾಗಿನ ಚಿಂತೆ ಬೇರೆ. ಅಡುಗೆಮನೆಯ ಫ್ರಿಜ್‌ನಲ್ಲಿ ಒಂದು ವರ್ಷದ ತನಕ ಧೈರ್ಯವಾಗಿ ಇಡಬಹುದು. ಹರಳು ಇನ್ನಷ್ಟು ಬೀಳುತ್ತದೆ, ಬೇರೆ ನಷ್ಟ ಇಲ್ಲ, ಬಿರಡೆಯ ಬಾಟಲಿಯಾದರೆ ಮಲಗಿಸಿಡಿ. ಒಂದು ವಿಷಯ ತಿಳಿದಿರಲಿ, ನೀಲಗಿರಿ ವಾಸನೆ ವರ್ಷ ಕಳೆದರೂ ಹೋಗುವುದಿಲ್ಲ. ಈಗ ಸಹಿಸಲಾಗದಿದ್ದರೆ ಹತ್ತು ವರ್ಷದ ಮೇಲೂ ಅಷ್ಟೇ, ಏಕೆಂದರೆ ಸುತ್ತಲಿನ ಹಣ್ಣು ಇಳಿದಾಗ ಅದೇ ಮುಂದೆ ನಿಲ್ಲುತ್ತದೆ.

ಹಾಗಾಗಿ ನನ್ನ ಸಲಹೆ: ಈಗಲೇ ಫ್ರಿಜ್‌ಗೆ ಹಾಕಿ, ಬರುವ ಡಿಸೆಂಬರ್, ಜನವರಿ ರಾತ್ರಿಯೊಂದರಲ್ಲಿ ತೆಗೆಯಿರಿ. ಒಂದು ಗಂಟೆ ಮುಂಚೆ ಜಗ್ಗಿಗೆ ಬಗ್ಗಿಸಿ, 17 ಡಿಗ್ರಿ ಆಸುಪಾಸು ಕುಡಿಯಿರಿ. ಪಕ್ಕದಲ್ಲಿ ನಂದಿ ಬೆಟ್ಟದ ಕಡೆಯದೋ ಹಂಪಿ ಕಡೆಯದೋ ಒಂದು ಕೆಂಪು ವೈನ್ ಇಟ್ಟುಕೊಂಡು ಕೂತರೆ ಇನ್ನೂ ಒಳ್ಳೆಯದು. ಅವೂ ಬಿಸಿ ಸೀಮೆಯವೇ, ಆದರೆ ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ (ಬಳ್ಳಿ ಸವರುವುದು) ಮಾಡಿ, ಮಳೆ ಮುಗಿದ ಮೇಲೆ ಕಾಯಿ ಕಟ್ಟಿಸಿ, ಸೆಕೆ ಏರುವ ಮುಂಚೆ ಫೆಬ್ರವರಿ, ಮಾರ್ಚ್ ಒಳಗೆ ಕೊಯ್ಯುತ್ತೇವೆ. ಅಲ್ಲಿ ಹಣ್ಣು ಬಿಸಿಲಿನ ತುದಿಯಿಂದ ತಂಪಿನ ಕಡೆ ಮಾಗುತ್ತದೆ, ಇಲ್ಲಿ ತಂಪಿನಿಂದ ಬಿಸಿಲಿನ ಕಡೆ. ಎರಡು ಲೋಟ ಅಕ್ಕಪಕ್ಕ ಇಟ್ಟು, ನಿಮ್ಮ ಮಾವನವರಿಗೆ ಯಾವುದು ಯಾವುದು ಅಂತ ಹೇಳದೆ ಕೊಟ್ಟು ನೋಡಿ. ಅವರು ಏನಂದರು ಅಂತ ನನಗೆ ಬರೆಯಿರಿ.